ಕಾಗದ ನಿಜ, ಕತೆ ಸುಳ್ಳು

ಪ್ರಶ್ನೆ: ಬೇಹುಗಾರರು ಕದ್ದದ್ದನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ವಾಡಿಕೆ. ರಷ್ಯದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯುವಿನ ಹ್ಯಾಕರ್‌ಗಳು ಮಾತ್ರ ಕದ್ದ ಕಡತಗಳನ್ನು ಊರಿಗೆಲ್ಲ ಹಂಚಿದರೆಂದು ಓದಿದೆ. ಕಡತ ಅಸಲಿಯೇ ಆಗಿದ್ದರೆ ಅದು ಅಪಪ್ರಚಾರ ಹೇಗಾಗುತ್ತದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಅಸಲಿ ಕಡತದ ಬಾಯಿಂದಲೂ ಸುಳ್ಳು ಹೇಳಿಸಬಹುದು. ರಷ್ಯದಲ್ಲಿ ಕ್ರೀಡಾಪಟುಗಳ ಉದ್ದೀಪನ ಮದ್ದಿನ ಸೇವನೆಯನ್ನು ಸರ್ಕಾರವೇ ಮುಚ್ಚಿಹಾಕುತ್ತಿತ್ತೆಂದು ಕಾನೂನು ಪ್ರಾಧ್ಯಾಪಕ ಮೆಕ್‌ಲಾರೆನ್ ಅವರ ತನಿಖಾ ವರದಿ ಹೇಳಿದ್ದು 2016ರ ಜುಲೈಯಲ್ಲಿ. ಮುಂದಿನ ತಿಂಗಳಿನ ಹೊತ್ತಿಗೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ಹೆಸರಿನಲ್ಲಿ ನಕಲಿ ತಾಣಗಳು ತಲೆಯೆತ್ತಿದ್ದವು. ಅಸಲಿ ವಿಳಾಸ ‘ವಾಡಾ-ಅಮಾ’ ಎಂದಿದ್ದರೆ ನಕಲಿಯದು ‘ವಾಡಾ-ಅವಾ’. ಅವಸರದಲ್ಲಿ ಪಾಸ್‌ವರ್ಡ್ ಒತ್ತುವವರ ಕಣ್ಣಿಗೆ ಈ ಒಂದಕ್ಷರದ ವ್ಯತ್ಯಾಸ ಬೀಳುವುದು ಕಷ್ಟ. ಸೆಪ್ಟೆಂಬರಿನಲ್ಲಿ ‘ಫ್ಯಾನ್ಸಿ ಬೇರ್ಸ್’ ಎಂದು ಕರೆದುಕೊಂಡ ಗುಂಪೊಂದು, ತಾನು ಶುದ್ಧ ಕ್ರೀಡೆಯ ಪರವೆಂದು ಸಾರುತ್ತ, ವಾಡಾದ ದತ್ತಾಂಶದಿಂದ ಕದ್ದ ವೈದ್ಯಕೀಯ ದಾಖಲೆಗಳನ್ನು ಪ್ರಕಟಿಸತೊಡಗಿತು.

ಆ ದಾಖಲೆಗಳಲ್ಲಿ ಇದ್ದದ್ದು ಚಿಕಿತ್ಸಾ ವಿನಾಯಿತಿಯ ವಿವರ, ಅಂದರೆ ಕಾಯಿಲೆಯಿರುವ ಆಟಗಾರರು ನಿಷೇಧಿತ ಪಟ್ಟಿಯ ಔಷಧವನ್ನು ನಿಯಮಬದ್ಧವಾಗಿ ಸೇವಿಸಲು ಪಡೆದ ಅನುಮತಿ. ಆ ವರ್ಷದ ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದಿದ್ದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ದಾಖಲೆಯೂ ಅವುಗಳಲ್ಲಿತ್ತು. ತಮಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇದೆ, ಬಾಲ್ಯದಿಂದಲೂ ಅದಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದೇನೆ ಎಂದು ಅವರು ಜಗತ್ತಿನೆದುರು ಹೇಳಿಕೊಳ್ಳಬೇಕಾಯಿತು. ಅನುಮತಿ ಪತ್ರವನ್ನೇ ಅಪರಾಧದ ಸಾಕ್ಷಿಯೆಂಬಂತೆ ತೋರಿಸಿ, ‘ಎಲ್ಲರೂ ಕಳ್ಳರೇ’ ಎಂಬ ಭಾವನೆ ಬಿತ್ತುವುದು ಇಲ್ಲಿನ ಕೈಚಳಕ. ಸಾಲದೆಂಬಂತೆ, ಪ್ರಕಟವಾದುದೆಲ್ಲ ತನ್ನ ಮೂಲ ದಾಖಲೆಗೆ ಸರಿಹೊಂದುತ್ತಿಲ್ಲವೆಂದು ವಾಡಾ ಆಮೇಲೆ ತಿಳಿಸಿತು. ನೂರು ನಿಜದ ನಡುವೆ ತಿದ್ದಿದ ಹಾಳೆ ಯಾವುದೆಂದು ಓದುಗರು ಹುಡುಕುವುದೆಲ್ಲಿ?

ಪ್ರಶ್ನೆ: ಮುಖವಾಡದ ಹಿಂದೆ ಇದ್ದವರು ಸೈನಿಕರೇ ಎಂದು ತಿಳಿದದ್ದು ಹೇಗೆ?

ಉತ್ತರ: ಒಂದು ಸುಳಿವು ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು. 2018ರ ಏಪ್ರಿಲ್ 13ರಂದು ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿ, ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಪಕ್ಕದ ಹೋಟೆಲಿನಲ್ಲಿ ನಿಂತಿದ್ದ ಬಾಡಿಗೆ ಸಿಟ್ರನ್ ಕಾರಿನೊಳಗೆ, ಕೋಟಿನ ಅಡಿಯಲ್ಲಿ ಬಚ್ಚಿಟ್ಟ ಆಂಟೆನಾ ಆ ಸಂಸ್ಥೆಯ ಕಟ್ಟಡದ ಕಡೆಗೆ ಮುಖಮಾಡಿತ್ತು. ವೈಫೈಗೆ ಕನ್ನ ಹಾಕಲು ಬಂದಿದ್ದ ನಾಲ್ವರನ್ನು ಡಚ್ ಗುಪ್ತಚರರು ಹಿಡಿದಾಗ, ಅವರ ಬಳಿ 20,000 ಯೂರೊ, 20,000 ಡಾಲರ್ ನಗದು ಮತ್ತು, ಯಾವ ಲೆಕ್ಕಪತ್ರದ ಗುಮಾಸ್ತನಿಗೆ ಒಪ್ಪಿಸಲೋ ಏನೋ, ಮಾಸ್ಕೊದಲ್ಲಿ ಜಿಆರ್‌ಯು ಕಟ್ಟಡದ ಪಕ್ಕದ ರಸ್ತೆಯಿಂದ ವಿಮಾನ ನಿಲ್ದಾಣಕ್ಕೆ ಹೋದ ಟ್ಯಾಕ್ಸಿಯ ರಸೀದಿ ಇತ್ತು. ಅವರ ಲ್ಯಾಪ್‌ಟಾಪೊಂದು ಹಿಂದೆ ಸ್ವಿಟ್ಜರ್ಲೆಂಡಿನಲ್ಲಿಯೂ ಬಳಕೆಯಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಲೌಸಾನ್‌ನಲ್ಲಿ ವಾಡಾ ಸಭೆಗೆ ಬಂದವರು ತಂಗಿದ್ದ ಹೋಟೆಲಿನ ವೈಫೈಗೆ ಕನ್ನ ಬಿದ್ದದ್ದೂ ಅಲ್ಲಿಯೇ.

ರಾಜತಾಂತ್ರಿಕ ಪಾಸ್‌ಪೋರ್ಟ್ ಇದ್ದುದರಿಂದ ನಾಲ್ವರನ್ನೂ ಬಂಧಿಸದೆ ಅದೇ ದಿನ ವಿಮಾನ ಹತ್ತಿಸಲಾಯಿತು. ಅಕ್ಟೋಬರ್ 4ರಂದು ನೆದರ್‌ಲೆಂಡ್ಸ್ ಈ ಸಂಗತಿಯನ್ನು ಬಹಿರಂಗಪಡಿಸಿದ ದಿನವೇ ಅಮೆರಿಕವು ಏಳು ಜಿಆರ್‌ಯು ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ಅದೊಂದು ಮಾಮೂಲಿ ಪ್ರವಾಸವಾಗಿತ್ತೆಂದು ರಷ್ಯದ ವಿದೇಶಾಂಗ ಸಚಿವ ಸೆರ್ಗೈ ಲಾವ್ರೊವ್ ಸಮಜಾಯಿಷಿ ನೀಡಿದರು.