ಪ್ರತಿಕ್ರಿಯೆ: ಫಾಕ್ಸ್‌ಪ್ರೋದಿಂದ ಪೋಸ್ಟ್‌ಗ್ರೆಸ್‌ಗೆ ತಂದ ನುಡಿ ಡೇಟಾ
ಸರ್, ಹಳೇ ಡೇಟಾಬೇಸ್ ಸಾಫ್ಟ್‌ವೇರ್ ಫಾಕ್ಸ್‌ಪ್ರೋದಲ್ಲಿ ಸರಿಯಾಗಿ ಕಾಣ್ತಿದ್ದ ಕನ್ನಡ ಹೆಸರುಗಳು ಲಿನಕ್ಸ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ತಂದ ಮೇಲೆ ಯಾಕೆ ಚಿತ್ರವಿಚಿತ್ರ ಅಕ್ಷರ ಆದ್ವು ಅಂತ ಕೇಳಿದೀರಲ್ಲ, ಡೇಟಾ ಏನೂ ಕೆಟ್ಟಿಲ್ಲ, ದಯವಿಟ್ಟು ಹಳೇ ಫೈಲ್ ಮಾತ್ರ ಅಳಿಸ್ಬೇಡಿ. ಆ ಹೆಸರುಗಳು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು, ಒಳಗಿರೋದು ರೋಮನ್ ಅಕ್ಷರಗಳ ಕೋಡೇ, ಫಾಂಟ್ ಅದನ್ನ ಕನ್ನಡವಾಗಿ ತೋರಿಸ್ತಿತ್ತು ಅಷ್ಟೆ.

ಮೊದ್ಲು ಇಂಪೋರ್ಟ್ ಮಾಡುವಾಗ ಕ್ಲೈಂಟ್ ಎನ್‌ಕೋಡಿಂಗ್ (ಬರೋ ಬೈಟ್‌ಗಳನ್ನ ಯಾವ ಅಕ್ಷರಪಟ್ಟಿ ಪ್ರಕಾರ ಓದ್ಬೇಕು ಅನ್ನೋ ಸೆಟ್ಟಿಂಗ್) ವಿನ್1252 ಅಂತ ಕೊಡಿ, ಲ್ಯಾಟಿನ್1 ಬೇಡ, ಹೆಕ್ಸ್ ಲೆಕ್ಕದಲ್ಲಿ 80ರಿಂದ 9ಎಫ್‌ವರೆಗಿನ ಬೈಟ್‌ಗಳಿಗೆ ಎರಡರಲ್ಲೂ ಬೇರೆ ಬೇರೆ ಅರ್ಥ ಇದೆ. ಆಮೇಲೆ ನುಡಿಯಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಸ್ವಂತ ಕೋಡ್ ಇರೋ ಪದ್ಧತಿ) ಕನ್ವರ್ಟರ್ ಓಡಿಸಿ, ಕನ್ನಡ ಇರೋ ಕಾಲಂಗಳ ಮೇಲೆ ಮಾತ್ರ, ಇಲ್ದಿದ್ರೆ ಇಂಗ್ಲಿಷ್ ವಿಳಾಸಗಳೆಲ್ಲ ಹಾಳಾಗುತ್ವೆ. ಒಂದೊಂದೇ ಅಕ್ಷರ ರಿಪ್ಲೇಸ್ ಮಾಡೋ ಸ್ಕ್ರಿಪ್ಟ್ ನೀವೇ ಬರೆಯೋಕೆ ಹೋದ್ರೆ ಅರ್ಕಾವತ್ತು ಹತ್ರ ಸಿಕ್ಕಾಕೊಳ್ತೀರ, ಯಾಕಂದ್ರೆ 'ಸೂರ್ಯ' ಬರೆದಾಗ ನುಡಿ 'ಯ' ಆದ್ಮೇಲೆ ಅರ್ಕಾವತ್ತು ಇಡುತ್ತೆ, ಯೂನಿಕೋಡಲ್ಲಿ 'ರ್' ಮೊದ್ಲು ಬರ್ಬೇಕು.

ಇನ್ನು ಯೂನಿಕೋಡ್ ಆದ್ಮೇಲೆ ಕಾಲಂ ಉದ್ದ ಸಾಲುತ್ತಾ ಅನ್ನೋದು. ಯೂನಿಕೋಡನ್ನ ಬೈಟ್‌ಗಳಾಗಿ ಇಡೋ ಯುಟಿಎಫ್-8ರಲ್ಲಿ 'ಕನ್ನಡ' ಅನ್ನೋಕೆ 5 ಕೋಡ್ (ಕ, ನ, ವಿರಾಮ ಚಿಹ್ನೆ, ನ, ಡ), ಒಂದಕ್ಕೆ 3ರಂತೆ 15 ಬೈಟ್. ಪೋಸ್ಟ್‌ಗ್ರೆಸ್‌ನ ವಾರ್‌ಚಾರ್ (ಪಠ್ಯ ಇಡೋ ಕಾಲಂ) ಬೈಟ್ ಎಣಿಸಲ್ಲ, ಕೋಡ್ ಎಣಿಸುತ್ತೆ, ಹಾಗಾಗಿ ನಿಮಗೆ ತೊಂದ್ರೆ ಕಮ್ಮಿ. ಮುಂದೆ ಒರಾಕಲ್ ಡೇಟಾಬೇಸ್‌ಗೆ ಹೋದ್ರೆ ಅಲ್ಲಿ ಡಿಫಾಲ್ಟ್ ಬೈಟ್ ಲೆಕ್ಕ, ಟೇಬಲ್ ಮಾಡುವಾಗಲೇ ಕಾಲಂ ಉದ್ದದ ಪಕ್ಕ ಚಾರ್ (ಬೈಟ್ ಬದಲು ಅಕ್ಷರದ ಲೆಕ್ಕ) ಅಂತ ಹೇಳ್ಬಿಡಿ.