‘ಬಾಯಾರಿಕೆ ಇಲ್ಲಮ್ಮ’ ಅಂದರೆ ನಂಬಿ ಕೂರಬೇಡಿ

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 76 ವರ್ಷ. ಒಬ್ಬರೇ ಇರುತ್ತಾರೆ. ಕೊನೆಯ ಮಹಡಿ, ಮೇಲೆ ತಾರಸಿ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಬಿಸಿಲಿಗೆ ಹೊರಗೆ ಹೋಗುವುದೇ ಇಲ್ಲ, ಇಡೀ ದಿನ ಫ್ಯಾನ್ ಕೆಳಗೇ ಕೂತಿರುತ್ತಾರೆ. ನೀರು ಕುಡಿಯಿರಿ ಅಂದರೆ ‘ಬಾಯಾರಿಕೆ ಇಲ್ಲಮ್ಮ’ ಅನ್ನುತ್ತಾರೆ. ಮನೆಯೊಳಗೇ ಇದ್ದಾರಲ್ಲ, ನಾನು ಸುಮ್ನೆ ಗಾಬರಿಯಾಗುತ್ತಿದ್ದೇನಾ?

ಉತ್ತರ: ಸುಮ್ನೆ ಅಲ್ಲಮ್ಮ. ನೀವು ಬರೆದ ನಾಲ್ಕು ಸಾಲಿನಲ್ಲೇ ನಾನು ಹೆದರುವ ಎಲ್ಲವೂ ಇದೆ. ಸೆಕೆಗೆ ಸಾಯುವವರೆಂದರೆ ಬಿಸಿಲಲ್ಲಿ ದುಡಿಯುವವರು ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಬಹುಪಾಲು ವಯಸ್ಸಾದವರು. ಚಾವಣಿಯ ನೇರ ಕೆಳಗಿನ ಕೋಣೆಯಲ್ಲಿ ಮಲಗುವವರಿಗೆ ಅಪಾಯ ಜಾಸ್ತಿ ಅಂತ ಆಮೇಲೆ ಫ್ರಾನ್ಸಿನಲ್ಲಿ ಗೊತ್ತಾಯಿತು. 1995ರಲ್ಲಿ ಶಿಕಾಗೋದಲ್ಲೂ ಹಾಗೇ. ಒಬ್ಬರೇ ಇದ್ದವರೇ ಹೆಚ್ಚಾಗಿ ಸತ್ತರು. ಯಾರಾದರೂ ಬಂದು ಹೋಗುತ್ತಿದ್ದವರು ಹೆಚ್ಚಾಗಿ ಉಳಿದುಕೊಂಡರು.

ನಿಮ್ಮ ತಂದೆ ಸುಳ್ಳು ಹೇಳುತ್ತಿಲ್ಲ. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆಯಾಗುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೂ ಗಂಟಲು ಒಣಗಿದ ಹಾಗೆ ಅನ್ನಿಸುವುದಿಲ್ಲ. ಬೆವರುವುದೂ ತಗ್ಗುತ್ತದೆ. ಹಾಗಾಗಿ ‘ಬೇಕಾ?’ ಅಂತ ಕೇಳಬೇಡಿ. ಅವರು ಕೂರುವ ಜಾಗದಲ್ಲಿ, ಕೈಗೆ ಸಿಗುವ ಹಾಗೆ ಒಂದು ಬಾಟಲಿ ಇರಲಿ. ಮಧ್ಯಾಹ್ನದ ಹೊತ್ತಿಗೆ ಅದು ಖಾಲಿಯಾಗಿದೆಯಾ ಅಂತ ನೋಡಿ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಹೃದಯದ ಅಥವಾ ಕಿಡ್ನಿಯ ತೊಂದರೆಗೆ ಡಾಕ್ಟರು ನೀರಿನ ಮಿತಿ ಹೇಳಿದ್ದರೆ ಮಾತ್ರ ಅವರನ್ನು ಕೇಳಿಯೇ ಜಾಸ್ತಿ ಮಾಡಿ.

ಬಿಪಿಯ ಕೆಲವು ಮಾತ್ರೆಗಳು ಮೂತ್ರದಲ್ಲಿ ನೀರು, ಉಪ್ಪು ಎರಡನ್ನೂ ಹೊರಗೆ ಹಾಕುತ್ತವೆ. ಸೆಕೆಯಲ್ಲಿ ಇದು ತಲೆಸುತ್ತಿಗೆ ದಾರಿ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಬೇಸಿಗೆಗೆ ಮುಂಚೆಯೇ ಚೀಟಿ ತೋರಿಸಿ ಕೇಳಿ, ಬೇಕಿದ್ದರೆ ಅವರೇ ಡೋಸ್ ಬದಲಿಸುತ್ತಾರೆ.

ಇನ್ನು ಫ್ಯಾನ್. ಅದು ಗಾಳಿಯನ್ನು ತಂಪು ಮಾಡುವುದಿಲ್ಲ, ಇರುವ ಗಾಳಿಯನ್ನೇ ಬೀಸುತ್ತದೆ. ಬೆವರು ಆರುವಷ್ಟು ಹೊತ್ತು ಹಾಯೆನಿಸುತ್ತದೆ. ಕೋಣೆ 40 ಡಿಗ್ರಿ ದಾಟಿದರೆ ಫ್ಯಾನ್ ಹಾಕಬೇಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಯಾಕೆಂದರೆ ಆಗ ಅದು ಮೈಗೆ ಬಿಸಿ ಗಾಳಿಯನ್ನೇ ಹೊಡೆಯುತ್ತದೆ. ಆದ್ದರಿಂದ ಒಂದು ಗೋಡೆ ಥರ್ಮಾಮೀಟರ್ ತಂದು, ಅವರು ಮಲಗುವ ಕೋಣೆಯಲ್ಲೇ ನೇತುಹಾಕಿ. ವಯಸ್ಸಾದವರಿಗೆ ಸೆಕೆ ಎಷ್ಟಿದೆ ಅಂತ ಮೈ ಸರಿಯಾಗಿ ಹೇಳುವುದಿಲ್ಲ, ಅದು ಹೇಳುತ್ತದೆ. ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಕತ್ತು, ತೋಳು, ಕಾಲು ಒರೆಸಿಕೊಳ್ಳಲಿ. ಮೈ ಒದ್ದೆ ಇದ್ದಾಗ ಫ್ಯಾನ್ ಗಾಳಿಗೆ ಒಂದಿಷ್ಟು ಬಲ ಬರುತ್ತದೆ. ಹಗಲು ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆದಿರಲಿ, ಹೊರಗೆ ತಣ್ಣಗಾದ ಮೇಲೆ ಎಲ್ಲ ಕಿಟಕಿ ತೆಗೆಯಲಿ.

ರಾತ್ರಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹಗಲಿಡೀ ಕಾದ ತಾರಸಿ ರಾತ್ರಿ ಆ ಬಿಸಿಯನ್ನು ಕೆಳಗೆ ಬಿಡುತ್ತದೆ. ಮೈಗೆ ಬಿಡುವೇ ಸಿಗದ ಹಾಗೆ ನಾಲ್ಕೈದು ರಾತ್ರಿ ಹೋದರೆ, ಹೃದಯಕ್ಕೆ ಕಷ್ಟವಾಗುವುದು ಆಗಲೇ. ಸೆಕೆ ಮಿತಿಮೀರಿದ ದಿನಗಳಲ್ಲಿ ಅವರನ್ನು ನಿಮ್ಮ ಮನೆಗೋ, ಕೆಳಗಿನ ಮಹಡಿಯ ಪರಿಚಯದವರ ಮನೆಗೋ ಕರೆದೊಯ್ಯಲು ಆಗುತ್ತಾ ನೋಡಿ. ಅವರು ಬೇಡ ಅನ್ನಬಹುದು. ಒತ್ತಾಯ ಮಾಡಿ.

ಬೆಳಿಗ್ಗೆ, ಸಂಜೆ ಫೋನ್ ಮಾಡಿ. ‘ಹುಷಾರಾಗಿದ್ದೀರಾ?’ ಅಂತ ಮಾತ್ರ ಕೇಳಿದರೆ ‘ಹ್ಞೂಂ’ ಅಂತಾರೆ, ಅಲ್ವಾ? ಮಧ್ಯಾಹ್ನ ಏನು ಊಟ ಮಾಡಿದಿರಿ, ಯಾರು ಬಂದಿದ್ದರು ಅಂತ ಕೇಳಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವೇ ಇಲ್ಲದ ಉತ್ತರ ಬಂದರೆ, ಆ ಕ್ಷಣವೇ ಯಾರನ್ನಾದರೂ ಬಾಗಿಲಿಗೆ ಕಳಿಸಿ. ಪಕ್ಕದ ಮನೆಯಲ್ಲಿ ಒಂದು ಕೀಲಿ ಇರಲಿ.

ಸೆಕೆಯಲ್ಲಿ ಮಾತು ತಪ್ಪಿತು, ತೂರಾಡಿದರು, ಎಚ್ಚರ ತಪ್ಪಿತು ಅಂದರೆ ಹೀಟ್ ಸ್ಟ್ರೋಕ್ ಅಂತಲೇ ತಿಳಿಯಿರಿ. ಮೈ ಒಳಗೆ 40 ಡಿಗ್ರಿ ದಾಟಿರುತ್ತದೆ. ಬೆವರು ಬರುತ್ತಿದ್ದರೂ ಅದಾಗಿರಬಹುದು. ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವ ತನಕ ಕಾಯದೆ ಬಟ್ಟೆ ಸಡಿಲಿಸಿ ಮೈ ತುಂಬ ತಣ್ಣೀರು ಸುರಿಯಿರಿ, ಗಾಳಿ ಹಾಕಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕತ್ತಿಗೆ, ಕಂಕುಳಿಗೆ, ತೊಡೆಸಂದಿಗೆ ಇಡಿ. ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಬೇರೆ, ಇದು ಬೇರೆ, ಆ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ಎಚ್ಚರವಿಲ್ಲದವರ ಬಾಯಿಗೆ ನೀರೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಪ್ರಶ್ನೆ: ಸೆಕೆಗಾಲದಲ್ಲಿ ಎಲ್ಲರೂ ದಿನಾ ಓಆರ್‌ಎಸ್ ಕುಡಿಯಬಹುದಾ?

ಉತ್ತರ: ಬೇಕಾಗಿಲ್ಲ. ಸರಿಯಾಗಿ ಊಟ ಮಾಡುವವರಿಗೆ ನೀರೇ ಸಾಕು. ಗಂಟೆಗಟ್ಟಲೆ ಬೆವರಿ ದುಡಿದವರಿಗೆ, ವಾಂತಿ ಭೇದಿ ಆದವರಿಗೆ ಅದು ಬೇಕು. ಬಿಪಿ ಇರುವವರು ಉಪ್ಪಿನ ಲೆಕ್ಕ ಮರೆಯಬಾರದು. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಜಾಸ್ತಿಯಾದರೆ ಮಕ್ಕಳಿಗೆ ಅಪಾಯ.

ಪ್ರಶ್ನೆ: ಮಗು ಕಾರಿನಲ್ಲೇ ಮಲಗಿಬಿಟ್ಟರೆ, ಕಿಟಕಿ ಸ್ವಲ್ಪ ಇಳಿಸಿ ಐದು ನಿಮಿಷ ಹೋಗಿ ಬರಬಹುದಾ?

ಉತ್ತರ: ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ನಿದ್ದೆ ಕೆಟ್ಟರೂ ಪರವಾಗಿಲ್ಲ, ಮಗುವನ್ನು ಎತ್ತಿಕೊಂಡೇ ಹೋಗಿ.