ಜೋರು ಮಳೆಯ ದಿನ ನಿಮ್ಮ ಲೆಕ್ಕದಲ್ಲಿಲ್ಲ

ನಮಸ್ಕಾರ,

ಅಮೆರಿಕದ ಮೌಮಿ ನದಿ ಈರಿ ಸರೋವರಕ್ಕೆ ವರ್ಷಕ್ಕೆ ಎಷ್ಟು ರಂಜಕ (ಪಾಚಿಯನ್ನು ಬೆಳೆಸುವ ಫಾಸ್ಫರಸ್) ತಂದು ಸುರಿಯುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ಬಿಡಬೇಡಿ, ತಿದ್ದಿ ಕಳಿಸಿ.

ನಿಮ್ಮ ಭಾಷೆ ಚೆನ್ನಾಗಿದೆ. ಎಡವಿದ್ದು ಲೆಕ್ಕದಲ್ಲಿ. ತಿಂಗಳಿಗೊಂದು ಸ್ಯಾಂಪಲ್ ಹಿಡಿದು, ಸರಾಸರಿ ತೆಗೆದು, ವರ್ಷದ ಒಟ್ಟು ನೀರಿಗೆ ಗುಣಿಸಿದ್ದೀರಿ. ನದಿ ಹಾಗೆ ಹರಿಯುವುದಿಲ್ಲ. ಮಳೆಯಿಲ್ಲದ ದಿನ ಸೆಕೆಂಡಿಗೆ 30 ಘನ ಮೀಟರ್ ನೀರು, ಲೀಟರಿಗೆ 0.1 ಮಿಲಿಗ್ರಾಂ ರಂಜಕ ಅಂದುಕೊಳ್ಳಿ. ದಿನಕ್ಕೆ ಸುಮಾರು 260 ಕಿಲೋ ಆಯಿತು. ಜೋರು ಮಳೆಯಾದ ಮೇಲೆ ನೀರು 1,000 ಘನ ಮೀಟರಿಗೆ ಏರಿ, ರಂಜಕವೂ 0.4 ಆದರೆ? ಒಂದೇ ದಿನಕ್ಕೆ 34 ಟನ್ನಿಗೂ ಜಾಸ್ತಿ! ನಾಲ್ಕು ತಿಂಗಳ ಒಣ ದಿನಗಳನ್ನು ಕೂಡಿಸಿದರೂ ಅಷ್ಟಾಗದು. ಆ ಒಂದು ದಿನ ತಪ್ಪಿಹೋದರೆ ವರ್ಷದ ಲೆಕ್ಕವೇ ತಪ್ಪಿತು, ಅಲ್ವಾ? ಓಹಾಯೋದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದವರು 1970ರ ದಶಕದಿಂದ ಈ ನದಿಯ ನೀರನ್ನು ಪರೀಕ್ಷಿಸುತ್ತಿದ್ದಾರೆ. ನೀರು ಏರಿದಾಗ ದಿನಕ್ಕೆ ಮೂರು ಸ್ಯಾಂಪಲ್ ನೋಡುತ್ತಾರೆ. ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇನ್ನೊಂದು ಮಾತು. ಎಲ್ಲ ರಂಜಕವನ್ನೂ ಒಂದೇ ಗಂಟು ಕಟ್ಟಿದ್ದೀರಿ. ಮಣ್ಣಿಗೆ ಅಂಟಿಕೊಂಡು ಬಂದದ್ದರಲ್ಲಿ ಒಂದು ಪಾಲು ಮಾತ್ರ ಪಾಚಿಗೆ ದಕ್ಕುತ್ತದೆ. ನೀರಲ್ಲಿ ಕರಗಿ ಬಂದದ್ದು ಹೆಚ್ಚುಕಡಿಮೆ ಪೂರ್ತಿ ದಕ್ಕುತ್ತದೆ. ಅದಕ್ಕೇ ಮೌಮಿಗೆ ಮಾರ್ಚ್‌ನಿಂದ ಜುಲೈವರೆಗೆ ಎರಡು ಮಿತಿ ಇಟ್ಟಿದ್ದಾರೆ: ಒಟ್ಟು ರಂಜಕ 860 ಟನ್, ಕರಗಿದ್ದು 186 ಟನ್. ಈ ವ್ಯತ್ಯಾಸಕ್ಕೆ ಒಂದಿಡೀ ಪ್ಯಾರಾ ಕೊಡಿ.

‘ನೀರೇ ಜೀವ’ ಎಂಬ ಆರಂಭವನ್ನು ತೆಗೆಯಿರಿ. ಈರಿ ಸರೋವರದ ನೀರು ಕುಡಿಯುವ ಟೊಲೆಡೊ ಊರಿನ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ, ಓದುತ್ತಾ ನನಗೆ ಸಂಕಟವಾಯಿತು. 2014ರ ಆಗಸ್ಟ್‌ನಲ್ಲಿ ಆ ನೀರಿಗೆ ಪಾಚಿಯ ವಿಷ ಸೇರಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಲೇಖನ ಇಲ್ಲಿಂದಲೇ ಶುರುವಾಗಲಿ. ಒಲೆಯ ಮೇಲಿನ ಆ ಪಾತ್ರೆಯಿಂದ ಹಿಂದೆ ಹೋಗುತ್ತಾ, ಗೊಬ್ಬರ ಹಾಕಿದ ಹೊಲದಲ್ಲಿ ನೆಲದಡಿಯ ಪೈಪಿನಿಂದ ಮಳೆ ನೀರು ಕಾಲುವೆಗೆ ಬೀಳುವ ಜಾಗ ತೋರಿಸಿ.

ನಿಮ್ಮ ಅಂದಾಜನ್ನು ಕೊನೆಯ ಟನ್ನಿನವರೆಗೂ ಖಚಿತ ಎನ್ನುವಂತೆ ಬರೆದಿದ್ದೀರಿ. ಎಷ್ಟರಿಂದ ಎಷ್ಟರೊಳಗೆ ಇರಬಹುದು ಎಂದು ಹೇಳಿ. ಹೊಸ ಕರಡಿಗೆ ಕಾಯುತ್ತಿರುತ್ತೇನೆ.

— ಸಂಪಾದಕ